ಟಿವಿಯ ಬೆನ್ನಿಗೆ ಕುಂತು ಕೇಳಿದ್ದು

ನಮ್ಮ ಮನ್ಯಾಗ ಇರೋದು ಒಂದ ಟಿವಿ. ಅದರ ಮಾರಿ ಮಗ್ಗದ ಕಡೆ, ಬೆನ್ನು ಅಡಗಿಮನಿ ಕಡೆ. ಹಂಗ ಇಟ್ಟವರು ನಮ್ಮನಿಯವರು. ಯಾಕ್ರೀ ಅಂತ ಕೇಳಿದ್ರ, ‘ನೀ ರೊಟ್ಟಿ ಬಡಿಯೋ ಮುಂದ ಟಿವಿ ನೋಡಿದ್ರ ರೊಟ್ಟಿ ಸುಡ್ತಾವು. ನಾ ಮಗ್ಗದ ಮುಂದ ನಿಂತು ನೋಡಿದ್ರ ಏನೂ ಸುಡಂಗಿಲ್ಲ’ ಅಂತಾರ. ಟಿವಿ ನೋಡಕೋತ ನಿಂತು ಎಳಿ ಹರದದ್ದು ಗೊತ್ತಾಗಲಾರದ ಸೀರಿ ಕೆಡಿಸಿದವರು ಯಾರು ಅಂತ ನಾ ತಿರುಗಿ ಕೇಳಂಗಿಲ್ಲ. ಕೇಳಿದ್ರ ಆ ಹೊತ್ತಿನ ಚಾ ಸೈತ ಸುಖದಾಗ ಕುಡಿಯಾಕ ಆಗಂಗಿಲ್ಲ.

ಬೆಟಗೇರ್ಯಾಗ ನಮ್ಮಂಥ ನೇಕಾರರ ಮನಿ ಹೆಚ್ಚೂಕಡಿಮಿ ಒಂದ ನಮೂನಿ. ಮುಂದಿನ ಖೋಲ್ಯಾಗ ಎರಡು ಕರೆಂಟ್ ಮಗ್ಗ, ನಡುವ ಸಣ್ಣ ಪಡಸಾಲಿ, ಹಿಂದ ಒಲಿ. ಒಂದು ಮಗ್ಗ ಅವರದು, ಒಂದು ನಂದು. ಅಡಗಿ ಮುಗಿಸಿ, ಅರಿವಿ ಒಗದು, ನಡುನಡುವ ಬಂದು ನಾ ನನ್ನ ಮಗ್ಗ ಹಚ್ತೀನಿ. ಮಗ್ಗ ಹಚ್ಚಿದ್ರಂದ್ರ ಮುಂದಿನ ಖೋಲ್ಯಾಗ ದೇವರ ಬಂದು ಕರದ್ರೂ ಕೇಳಂಗಿಲ್ಲ. ಟಿವಿ ಪಡಸಾಲ್ಯಾಗ. ಹಿಂಗಾಗಿ ಇಷ್ಟ ವರ್ಷ ಅವರಿಗೆ ಬರೇ ಚಿತ್ರ ಕಂಡಾವು, ನನಗ ಬರೇ ಮಾತು ಕೇಳ್ಯಾವು. ಒಂದ ಟಿವಿ, ಅಣ್ಣತಮ್ಮರ ಹೊಲದಂಗ ಇಬ್ಬರಿಗೆ ಪಾಲಾಗಿತ್ತು.

ಈ ಸಲದ ಇಲೆಕ್ಷನ್ ಮುಂದ, ನಮ್ಮ ಕಡೆ ಕೇಬಲ್‌ನ್ಯಾಗ ಬರೋ ಒಂದು ಚಾನಲ್‌ನವರು ಊರೂರಿಗೆ ಹೋಗಿ, ಉಮೇದುವಾರರನ್ನ ಸಾಲಾಗಿ ಕುಂದ್ರಿಸಿ, ಮಂದಿ ಕಡಿಂದ ಪ್ರಶ್ನಿ ಕೇಳಸಾಕ ಸುರು ಮಾಡಿದ್ರು. ಚರ್ಚಾ ಅಂತ ಅದರ ಹೆಸರು. ಸಂಜಿಮುಂದ ಬರ್ತಿತ್ತು, ಸರಿಯಾಗಿ ನನ್ನ ರೊಟ್ಟಿ ಹೊತ್ತಿಗೆ. ಮೊದಲ ಕೆಲವು ದಿನ ನಮ್ಮ ಗದಗಿನ ಉಮೇದುವಾರರನ್ನ ಸುತ್ತಲಿನ ಹಳ್ಳ್ಯಾಗ ಕುಂದ್ರಿಸಿ ಕೇಳಿಸಿದ್ರು.

ಬೆನ್ನ ಹಿಂದ ಕುಂತು ಕೇಳಾವರಿಗೆ ಒಂದು ಲಾಭ ಐತ್ರಿ. ಇಸ್ತ್ರಿ ಅಂಗಿ ಕಾಣಂಗಿಲ್ಲ, ಕೊರಳಾಗಿನ ಶಾಲು ಕಾಣಂಗಿಲ್ಲ, ಕೈಮುಗಿಯೋ ಧಾಟಿ ಕಾಣಂಗಿಲ್ಲ. ಬರೇ ಮಾತು. ನಾಕು ದಿನ ಕೇಳೋದರಾಗ ನನಗ ಕೆಲವೊಂದು ತಿಳದು ಬಂದ್ವು. ‘ಒಳ್ಳೆ ಪ್ರಶ್ನೆ ಕೇಳಿದ್ರಿ’ ಅಂದ್ನಂದ್ರ ಅವನ ಹತ್ರ ಉತ್ತರ ಇಲ್ಲ. ದನಿ ಏರಿತಂದ್ರ ಮಾತು ಖಾಲಿ ಆಗ್ಯಾವು. ಒಬ್ಬ ಇದ್ದ, ಗಟಾರದ ಬಗ್ಗೆ ಕೇಳಿದ್ರ ಅವರ ಅಜ್ಜ ಊರಿಗೆ ಮಾಡಿದ ಉಪಕಾರದಿಂದ ಸುರು ಮಾಡಾಂವ. ಗಟಾರಕ್ಕ ಬರೋದರಾಗ ಅವನ ಹೊತ್ತು ಮುಗದಿರ್ತಿತ್ತು. ನಾ ಒಲಿ ಮುಂದ ಕುಂತು, ‘ಗಟಾರಕ್ಕ ಬಾರೋ ಯಪ್ಪಾ, ಗಟಾರಕ್ಕ ಬಾ’ ಅಂತ ಒದರತಿದ್ದೆ.

ನಮ್ಮನಿಯವರದು ಬ್ಯಾರೇನ ಲೆಕ್ಕ. ಅವರು ಕೈ ನೋಡಾವರು, ಕಣ್ಣ ನೋಡಾವರು. ಯಾರು ಯಾವಾಗ ನೀರು ಕುಡದ್ರು, ಯಾರು ಚೀಟಿ ನೋಡಿ ಹೇಳಿದ್ರು, ಯಾರು ಬಾಜೂದಾವ ಮಾತಾಡೋ ಮುಂದ ಫೋನ್ ತಿಕ್ಕಿದ್ರು, ಎಲ್ಲಾ ಊಟಕ್ಕ ಕುಂತಾಗ ವರದಿ ಒಪ್ಪಸ್ತಿದ್ರು.

‘ಆ ಎಡಗಡೆ ಕುಂತಾಂವ ಮಾತ ಮಾತಿಗೆ ನೀರ ಕುಡೀತಾನ. ಅಂವ ಸುಳ್ಳ ಹೇಳಾಕತ್ತಾನ.’

‘ಬ್ಯಾಸಗಿ ಐತ್ರಿ. ನೀರಡಿಸಿರಬೇಕ.’

‘ನೀರಡಿಸಿದಾಂವ ಗಟಗಟ ಕುಡೀತಾನ. ಇಂವ ಬರೇ ತುಟಿಗೆ ಹಚ್ಚಿ ಇಡ್ತಾನ.’

ಬಲಗಡೆ ಕುಂತಾಂವ ಭಾಳ ಸಂಭಾವಿತ ಕಾಣ್ತಾನ ಅಂತ ಅವರು. ಅವನ ಬಾಯಾಗ ಒಂದ ಮಾತೂ ನೆಟ್ಟಗ ಬರಂಗಿಲ್ಲ ಅಂತ ನಾನು. ‘ನೀ ಅವನ ಮಾರಿ ನೋಡೇ ಇಲ್ಲ’ ಅಂತ ಅವರು. ‘ನೀವು ಅವನ ಮಾತು ಕೇಳೇ ಇಲ್ಲ’ ಅಂತ ನಾನು. ಹಿಂಗ ಇಬ್ಬರೂ ಅರ್ಧರ್ಧ ಕಲತು, ಇಡೀ ರಾಜಕೀಯ ಗೊತ್ತಾದವರಂಗ ಜಗಳ ಆಡ್ತಿದ್ವಿ. ಹೊಟ್ಟಿ ತುಂಬ ಜಗಳ, ಖರೆ ಹೇಳಬೇಕಂದ್ರ ಅದು ನನಗ ಚಲೋ ಅನಸ್ತಿತ್ತು.

ಒಂದು ಸಂಜಿ ಶಿರಹಟ್ಟಿ ಚರ್ಚಾ ನಡದಿತ್ತು. ಮಗ್ಗ ಬಂದ್ ಮಾಡಿ ಒಳಗ ಬಂದವರ, ‘ಏನ ನೋಡು ಮೋಸ! ಮೊನ್ನೆ ಲಕ್ಷ್ಮೇಶ್ವರದಾಗ ಹಳದಿ ರುಮಾಲ ಸುತಗೊಂಡು ಚಪ್ಪಾಳಿ ಹೊಡದಾಂವ ಇವತ್ತ ಶಿರಹಟ್ಟ್ಯಾಗೂ ಕುಂತಾನ’ ಅಂದ್ರು.

‘ಬೀಗರ ಮನಿಗೆ ಬಂದಿರಬೇಕ ಬಿಡ್ರಿ.’

‘ಬೀಗರ ಮನಿಗೆ ಬಂದಾಂವ ಹೋಳಗಿ ಉಂಡು ಮಲಗ್ತಾನ. ಚರ್ಚಾಕ್ಕ ಬಂದು ಚಪ್ಪಾಳಿ ಹೊಡ್ಯಾಂಗಿಲ್ಲ. ಇದೆಲ್ಲಾ ಮೊದಲ ಕೂಡಿಸಿದ್ದು.’

ನನ್ನ ತಂಗಿನ್ನ ಮುಂಡರಗಿಗೆ ಕೊಟ್ಟೈತಿ. ಅಕೀನೂ ಫೋನ್ ಹಚ್ಚಿ ಅಲ್ಲಿ ಚರ್ಚಾದ ಸುದ್ದಿ ಹೇಳಿದ್ಲು. ಹಮ್ಮಿಗಿ ಕಡಿಂದ ಹೊಳಿನೀರು ಬರ್ತೈತಲ್ಲ, ಅದು ಮೊದಲ ನಿಮ್ಮ ತಾಲೂಕಿಗೆ, ಉಳದ್ರ ಗದಗಿಗೆ ಅಂತ ಒಂದು ಪಕ್ಷದಾಂವ ಅಲ್ಲಿ ಎದಿ ಬಡಕೊಂಡು ಹೇಳಿದ್ನಂತ. ಅದ ಬಣ್ಣದ ಶಾಲಿನ ಅದ ಪಕ್ಷದಾಂವ ಇಲ್ಲಿ, ಹೊಳಿನೀರಿನ ಮ್ಯಾಲ ಮೊದಲ ಹಕ್ಕು ಗದಗ-ಬೆಟಗೇರಿ ಮಂದೀದು ಅಂದಿದ್ದ. ನನ್ನ ಕಿವಿಲೆ ಕೇಳೀನಿ. ‘ಅಕ್ಕಾ, ನೀರು ಒಂದ, ಹೊಳಿ ಒಂದ, ಮೊದಲನೇದವರು ಮಾತ್ರ ಎಲ್ಲಾರೂ!’ ಅಂತ ತಂಗಿ ನಕ್ಕಳು. ನಾನೂ ನಕ್ಕೆ. ಅವತ್ತಿನಿಂದ ಯಾರ ಏನ ಹೇಳಿದ್ರೂ, ಈ ಮಾತು ಮುಂಡರಗ್ಯಾಗ ಹೆಂಗ ಹೇಳ್ಯಾರೋ ಅಂತ ಸಂಶೇನ ಮೊದಲ ಬರಾಕತ್ತಿತು.

ಇಲ್ಲೀತನಕ ನಗಿ. ಆಮ್ಯಾಲ ಓಣ್ಯಾಗ ಒಂದು ಖಬರ ಹಬ್ಬಿತು. ಮಗ್ಗದ ಸಪ್ಪಳದಿಂದ ಊರಿಗೆ ತ್ರಾಸ ಆಗತೈತಿ, ಮನ್ಯಾಗಿನ ಮಗ್ಗ ಎಲ್ಲಾ ತಗದು ಊರ ಹೊರಗ ದೊಡ್ಡ ಶೆಡ್ ಕಟ್ಟಿ ಅಲ್ಲಿ ಹಾಕ್ತಾರಂತ. ಗೆದ್ದಾಂವ ಮಾಡೋ ಮೊದಲನೇ ಕೆಲಸ ಅದ ಅಂತ.

ಗಂಡಸರು ‘ಚಲೋ ಆತು ಬಿಡ್ರಿ, ಜಾಗಾ ದೊಡ್ಡದ ಸಿಗತೈತಿ’ ಅಂದ್ರು. ಅವರದೇನು, ಡಬ್ಬಿ ಕಟ್ಟಿಸಿಕೊಂಡು ಗಾಡಿ ಹತ್ತಿ ಹ್ವಾದ್ರ ಆತು. ನಮ್ಮದು? ನಾ ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದು ನೇಯಾಕಿ. ಬ್ಯಾಳಿ ಕುದಿಯೋದರಾಗ ಎರಡ ಮೊಳ ಸೀರಿ ಇಳದಿರ್ತೈತಿ. ಮಗ್ಗ ಊರ ಹೊರಗ ಹ್ವಾದ್ರ ನನ್ನ ಯಾರು ದಿನಾ ಅಲ್ಲಿಗೆ ಕಳಸ್ತಾರ? ‘ಮನಿ ಯಾರು ನೋಡಬೇಕು, ನೀ ಇನ್ನ ಸಾಕ ಮಾಡು’ ಅಂತಾರ. ಮದಿವ್ಯಾಗಿ ಬಂದಾಗಿಂದ ನಾ ನೇಯಾಕಿ ಅಂತನ ನನ್ನ ನಾ ತಿಳಕೊಂಡೀನಿ. ಮಗ್ಗ ಹ್ವಾತಂದ್ರ ನಾ ಬರೇ ರೊಟ್ಟಿ ಬಡಿಯಾಕಿ.

ಅಂಥಾದ್ರಾಗ ಚಾನಲ್‌ನಾಂವ ಒಬ್ಬ ಓಣಿಗೆ ಬಂದ. ಗದಗಿನ ಚರ್ಚಾಕ್ಕ ಪ್ರಶ್ನಿ ಕೇಳಾಕ ಒಬ್ಬ ನೇಕಾರ ಹೆಣಮಗಳು ಬೇಕಾಗ್ಯಾಳ ಅಂದ. ಅವತ್ತ ಓಣ್ಯಾಗ ಒಂದು ಮದಿವಿ ಇತ್ತು. ಯಾರೂ ಅಕ್ಕಿಕಾಳ ಹಾಕೋದು ಬಿಟ್ಟು ಬರಾಕ ತಯಾರ ಇರಲಿಲ್ಲ. ನಾ ಬರ್ತೀನಿ ಅಂದೆ.

‘ನೀ? ಟಿವಿಗೆ?’ ಅಂದ್ರು ನಮ್ಮನಿಯವರು.

‘ಯಾಕ, ಬೆನ್ನ ಒಂದ ನೋಡೀನಿ, ಒಮ್ಮಿ ಮಾರಿನೂ ನೋಡಿ ಬರ್ತೀನಿ’ ಅಂದೆ.

ಕಲ್ಯಾಣ ಮಂಟಪದಾಗ ಲೈಟೋ ಲೈಟು. ಕಣ್ಣ ಕುಕ್ಕತಿತ್ತು. ನನ್ನ ಮೊದಲನೇ ಸಾಲಿನ್ಯಾಗ ಕುಂದ್ರಿಸಿದ್ರು. ಉಮೇದುವಾರರು ಇನ್ನೂ ಬಂದಿರಲಿಲ್ಲ. ಕ್ಯಾಮೆರಾ ಹಿಡದಾವನ ಬಾಜೂ ಒಬ್ಬ ನಿಂತು, ‘ಅಕ್ಕಾರ, ಅಣ್ಣಾರ, ಕ್ಯಾಮೆರಾ ಚೆಕ್ ಮಾಡಾಕತ್ತೀವಿ, ಸ್ವಲ್ಪ ಚಪ್ಪಾಳಿ ಹೊಡೀರಿ’ ಅಂದ. ಹೊಡದ್ವಿ. ‘ಇನ್ನೂ ಜೋರ.’ ಹೊಡದ್ವಿ. ‘ಈಗ ಯಾರೋ ಹಿರ್ಯಾರು ಬುದ್ಧಿ ಹೇಳಾಕತ್ತಾರ ಅಂತ ತಿಳಕೊಂಡು ಹೂಂ ಹೂಂ ಅಂತ ತಲಿ ಆಡಸ್ರಿ.’ ಆಡಿಸಿದ್ವಿ. ಆಮ್ಯಾಲ, ಅತ್ತಿ ಊರಿಗೆ ಹ್ವಾದಾಗ ಸೊಸಿ ಹೆಂಗ ನಗತಾಳ, ಹಂಗ ನಗ್ರಿ ಅಂದ. ಅದಕ್ಕ ನನಗ ಖರೇನ ನಗಿ ಬಂತು. ಹಲ್ಲ ಕಿಸದು ನಕ್ಕೆ. ಕ್ಯಾಮೆರಾ ಎದುರಿಗೆ ಇತ್ತು. ಇದೆಲ್ಲಾ ಯಾಕ ಅಂತ ಒಮ್ಮಿ ಮನಸಿನ್ಯಾಗ ಬಂತು, ಆದ್ರ ಮದಿವಿ ಮನ್ಯಾಗ ಫೋಟೋದವರು ಹೇಳಿದಂಗ ನಾವು ಕೇಳಂಗಿಲ್ಲೇನು, ಹಂಗ ಕೇಳಿದೆ.

ಉಮೇದುವಾರರು ಬಂದ್ರು. ನೀರು ಕುಡಿಯಾಂವ ಎಡಕ್ಕ, ಸಂಭಾವಿತ ಬಲಕ್ಕ. ನನ್ನ ಸರತಿ ಬಂದಾಗ ಮೈಕ್ ಬಾಯಿ ಮುಂದ ಹಿಡದ್ರು. ನಾ ಸಂಭಾವಿತನ್ನ ಕೇಳಿದೆ. ‘ಮನ್ಯಾಗಿನ ಮಗ್ಗ ಮನ್ಯಾಗ ಇರ್ತಾವೋ, ಊರ ಹೊರಗ ಒಯ್ತೀರೋ?’

‘ಒಳ್ಳೆ ಪ್ರಶ್ನೆ ಕೇಳಿದ್ರಿ ತಾಯಿ’ ಅಂದ. ಮುಗೀತು, ಅಂದುಕೊಂಡೆ. ‘ನಮ್ಮ ನೇಕಾರ ಬಂಧುಗಳಿಗೆ ಊರ ಹೊರಗೆ ವಿಶಾಲವಾದ ಜಾಗ, ಒಳ್ಳೆ ಗಾಳಿ, ಬೆಳಕು, ಎಲ್ಲಾ ಸೌಕರ್ಯ ಇರೋ ಕಟ್ಟಡ ನನ್ನ ಕನಸು.’

‘ಕನಸು ಬಿಡ್ರಿ ಸಾಹೇಬ್ರ. ಒಯ್ತೀರೋ ಇಲ್ಲೋ? ಹೂಂ ಅನ್ರಿ, ಇಲ್ಲಾಂದ್ರ ಇಲ್ಲ ಅನ್ರಿ.’

ಮಂದಿ ನಕ್ಕರು. ಅಂವ ನಗಲಿಲ್ಲ. ಕೈಮುಗದು, ‘ತಾಯಂದಿರ ಒಪ್ಪಿಗೆ ಇಲ್ಲದೆ ಒಂದು ಮಗ್ಗವನ್ನೂ ಮುಟ್ಟೋದಿಲ್ಲ, ಇದು ನನ್ನ ಮಾತು’ ಅಂದ.

‘ಹಂಗಾರ ನಾ ಒಪ್ಪಂಗಿಲ್ರಿ’ ಅಂದೆ. ಆದ್ರ ಅಷ್ಟೊತ್ತಿಗೆ ಮೈಕ್ ನನ್ನ ಬಾಯಿ ಬಿಟ್ಟು ಹಿಂದಿನ ಸಾಲಿಗೆ ಹೋಗಿತ್ತು. ಬಾಜೂ ಕುಂತ ಗುರತಿಲ್ಲದಾಕಿಗೆ ಅಷ್ಟ ಕೇಳಿತು.

ಮನಿಗೆ ಬಂದು ನಡದದ್ದೆಲ್ಲಾ ಹೇಳಿದೆ. ಚಪ್ಪಾಳಿ ಹೊಡಸಿದ್ದು ಮಾತ್ರ ಹೇಳಲಿಲ್ಲ. ಅದೇನು ಹೇಳೋ ಮಾತು ಅಂತ ಅನಸಲಿಲ್ಲ. ಮರುದಿನ ಸಂಜಿಗೆ ಚರ್ಚಾ ಹಚ್ಚಿದ್ರು. ನಮ್ಮ ನಮ್ಮ ಜಾಗಾದಾಗ ನಾವು. ಅವರು ಮಗ್ಗದ ಮುಂದ, ನಾ ಹಂಚಿನ ಮುಂದ. ನನ್ನ ದನಿ ಕೇಳಿ ಮೈ ಝುಮ್ ಅಂತು. ‘ಮನ್ಯಾಗಿನ ಮಗ್ಗ ಮನ್ಯಾಗ ಇರ್ತಾವೋ...’ ಆಮ್ಯಾಲ ಅವನ ಗಾಳಿ, ಬೆಳಕು, ಕನಸು. ನನ್ನ ‘ಹೂಂ ಅನ್ರಿ, ಇಲ್ಲ ಅನ್ರಿ’ ಬರಲೇ ಇಲ್ಲ. ಸೀದಾ, ತಾಯಂದಿರ ಒಪ್ಪಿಗೆ ಇಲ್ಲದೆ ಮುಟ್ಟೋದಿಲ್ಲ ಅನ್ನೋ ಮಾತು ಬಂತು. ಅದರ ಹಿಂದ ಧಡಧಡ ಚಪ್ಪಾಳಿ.

ಮೈಯೆಲ್ಲಾ ಉರೀತು. ಹಿಟ್ಟಿನ ಕೈಲೇನ ಎದ್ದು ಮುಂದಿನ ಖೋಲಿಗೆ ಓಡಿದೆ. ನಮ್ಮನಿಯವರು ಮಗ್ಗ ಬಂದ್ ಮಾಡಿ ಟಿವಿ ಕಡೆ ನೋಡಕೋತ ನಿಂತಿದ್ರು.

‘ಕೇಳಿದ್ರ್ಯಾ? ಎಂಥಾ ಹಡಬಿಟ್ಟಿ ಮಂದಿ! ನನ್ನ ಮಾತು ಕತ್ತರಿಸಿ ಒಗದು, ಎಲ್ಲಿಂದೋ ಚಪ್ಪಾಳಿ ತಂದು ಅಂಟಿಸ್ಯಾರ. ಯಾವ ಹಾಳಾದವರು ಹೊಡದ್ರಪಾ ಆ ಚಪ್ಪಾಳಿ?’

ಅವರು ನನ್ನ ಕಡೆ ತಿರುಗಿ ನೋಡಿದ್ರು. ‘ನೀನ ಹೊಡದಿ’ ಅಂದ್ರು.

‘ಯಾರು, ನಾನಾ?’ ಅಂದೆ.

‘ನೀನ. ಅಂವ ಮಾತು ಮುಗಿಸಿದ ಕೂಡಲೇ ಹೂಂ ಹೂಂ ಅಂತ ತಲಿ ಆಡಿಸಿದಿ, ನಕ್ಕಿ, ಚಪ್ಪಾಳಿ ಹೊಡದಿ. ಈಗ ನೋಡೀನಿ, ಕಣ್ಣಾರೆ.’

‘ಅಯ್ಯ ನನ ಶಿವನ! ಅದು ಮೊದಲ ಹೊಡಸಿದ್ದು. ಅವರು ಬರೋಕಿಂತ ಮೊದಲ. ಚೆಕ್ ಮಾಡಾಕ ಅಂತ...’

‘ನಿನ್ನೆ ಹೇಳಿದ್ದಿಲ್ಲಲ್ಲ.’

‘ಹೇಳಾಕ ಅದೇನ್ರಿ...’

‘ಬಿಡು. ಆದದ್ದ ಆತು.’

‘ಏನ ಆದದ್ದು? ಆಗೇ ಇಲ್ಲ ಅಂತ ಹೇಳಾಕತ್ತೀನಿ!’ ಅಂತ ಚೀರಿದೆ. ಅವರು ಮತ್ತ ಮಗ್ಗ ಹಚ್ಚಿದ್ರು. ಮುಂದಿನ ಮಾತು ಕೇಳಲಿಲ್ಲ, ಅವರಿಗೆ ಕೇಳಬೇಕು ಅಂತಲೂ ಇರಲಿಲ್ಲ.

ಬೈದಿದ್ರ ತಡಕೋತಿದ್ದೆ. ಬಯ್ಯಲಿಲ್ಲ. ಹಳದಿ ರುಮಾಲಿನಾವನ ಚಪ್ಪಾಳಿ ಮೋಸದ್ದು ಅಂತ ದೂರದಿಂದ ಗುರತ ಹಿಡದ ಮನಶಾ, ಇಷ್ಟ ವರ್ಷ ಜೋಡಿ ಬಾಳೇವು ಮಾಡಿದ ಹೆಂಡತಿ ಚಪ್ಪಾಳಿ ಖರೇದು ಅಂತ ನಂಬಿಬಿಟ್ಟ. ಅವತ್ತ ರಾತ್ರಿ ಯಾರ ಮ್ಯಾಲ ಸಿಟ್ಟ ಮಾಡಬೇಕು ಅಂತ ತಿಳೀಲಾರದ ಭಾಂಡೇದ ಮ್ಯಾಲ ತೀರಿಸಿಕೊಂಡೆ.

ಬೆಳಗಾಗೋದರಾಗ ಆ ತುಣುಕು ಎಲ್ಲಾರ ಫೋನಿಗೂ ಬಂದಿತ್ತು. ಬಾಜೂ ಮನಿ ವೈನಿ ತಂದು ತೋರಿಸಿದ್ರು. ಟಿವ್ಯಾಗ ಬಂದ ನನ್ನ ಮಾರಿ ನಾ ಮೊದಲನೇ ಸಲ ಅವರ ಫೋನಿನ್ಯಾಗ ನೋಡಿದೆ. ಏನ ಚಂದ ನಕ್ಕೀನ್ರೀ! ಅತ್ತಿ ಊರಿಗೆ ಹ್ವಾದಾಗಿನ ಸೊಸಿ ನಗಿ ಅಂತ ಯಾರಿಗೆ ಗೊತ್ತಾಗಬೇಕು? ಅಂವ ಕೈಮುಗದ ಕೂಡಲೇ ನಾ ಕಣ್ಣ ಅರಳಿಸಿ ನಕ್ಕು, ತಲಿ ಆಡಿಸಿ, ಚಪ್ಪಾಳಿ ತಟ್ಟಾಕತ್ತೀನಿ. ವೈನಿ ಮತ್ತ ಹಚ್ಚಿದ್ರು, ಮತ್ತ ನೋಡಿದೆ. ನೋಡಿ ನೋಡಿ ಒಂದು ಗಳಿಗಿ ನನಗ ಸಂಶೆ ಬಂತು. ನಾ ಖರೇನ ಹೊಡದ್ನೇನು? ಅಂವ ಕೈಮುಗದಾಗ ಮರತು ಹೊಡದ್ನೇನು? ನನ್ನ ಮ್ಯಾಲ ನನಗ ವಿಶ್ವಾಸ ಹಾರಿಸಿಬಿಟ್ಟಿದ್ರು ನೋಡ್ರಿ ಆ ಮಂದಿ. ಅದನ್ನ ಇವತ್ತಿಗೂ ಮರಿಯಾಕ ಆಗಿಲ್ಲ.

‘ನಿಮಗೇನ್ರಿ, ದೊಡ್ಡವರ ಗುರತ ಆತು. ಮಗ್ಗ ಹೋಗೋದು ನಮ್ಮವು’ ಅಂದ್ರು ವೈನಿ. ತಿಳಿಸಿ ಹೇಳಿದೆ. ‘ಹೌದೇನ್ರಿ’ ಅಂದ್ರು. ಹೌದು ಅನಲಿಲ್ಲ. ಮುಂಡರಗಿ ತಂಗೀನೂ ಫೋನ್ ಮಾಡಿ, ‘ಅಕ್ಕಾ, ನಿನಗ ಏನರ ಕೊಡತೀನಿ ಅಂದಾರೇನು?’ ಅಂತ ಕೇಳಿದ್ಲು. ಒಡಹುಟ್ಟಿದಾಕಿ! ಫೋನ್ ಇಟ್ಟುಬಿಟ್ಟೆ. ಓಣಿ ಹೆಣಮಕ್ಕಳು ನಳದ ಹತ್ರ ಮಾತಾಡಕೋತ ಇದ್ದವರು ನಾ ಹ್ವಾದ್ರ ಕೊಡದ ಬಾಯಿ ನೋಡಾಕತ್ರು.

ಇಲೆಕ್ಷನ್ ಆತು. ಸಂಭಾವಿತ ಗೆದ್ದ. ನಮ್ಮನಿಯವರು ಯಾರಿಗೆ ಹಾಕಿದ್ರು ಅಂತ ನಾ ಕೇಳಲಿಲ್ಲ, ನಂದು ಅವರು ಕೇಳಲಿಲ್ಲ. ಟಿವ್ಯಾಗ ಯಾವ ಚರ್ಚಾ ಬಂದ್ರೂ ನಾ ಎದ್ದು ಹೋಗಿ ಬ್ಯಾರೆ ಚಾನಲ್ ಹಚ್ಚಿ ಬರ್ತಿದ್ದೆ. ಅವರು ಬ್ಯಾಡ ಅಂತಿರಲಿಲ್ಲ. ಜಗಳಾನೂ ಆಡ್ತಿರಲಿಲ್ಲ. ಮನಿ ಭಣಭಣ ಅನ್ನತಿತ್ತು.

ಮಳಿಗಾಲ ಮುಗಿಯೋ ಮುಂದ ಒಂದು ದಿನ, ಕೈಯಾಗ ಅಳಿಯೋ ಟೇಪ್ ಹಿಡಕೊಂಡು ಒಬ್ಬ ಓಣ್ಯಾಗ ಬಂದ. ಅವನ ಹಿಂದ ಓಣಿ ಅರ್ಧ ಮಂದಿ. ಸೀದಾ ನಮ್ಮ ಬಾಗಲಕ್ಕ ಬಂದು ನನ್ನ ಮಾರಿ ನೋಡಿ ನಕ್ಕ.

‘ನೀವ ಅಲ್ರಿ ಅಕ್ಕಾರ? ಟಿವ್ಯಾಗ ನೋಡೀವಿ. ತಾಯಂದಿರ ಒಪ್ಪಿಗಿ ಇಲ್ಲದ ಮಗ್ಗ ಮುಟ್ಟಂಗಿಲ್ಲ ಅಂತ ಸಾಹೇಬ್ರು ಮಾತು ಕೊಟ್ಟಿದ್ರಲ್ಲ? ಅದಕ್ಕ ಒಪ್ಪಿದವರ ಮನಿಯಿಂದನ ಸುರು ಮಾಡ್ರಿ ಅಂದಾರ. ಮೊದಲ ನಿಮ್ಮ ಮಗ್ಗದ ಅಳತಿ ತಗೋತೀನಿ, ಶೆಡ್ಡಿನ್ಯಾಗ ನಿಮಗ ಮೊದಲನೇ ಜಾಗಾ.’

ಕೊಟ್ಟ ಮಾತು ನಡಸಾಕತ್ತಿದ್ದ ನಮ್ಮ ಸಂಭಾವಿತ, ಪುಣ್ಯಾತ್ಮ! ಒಂದಕ್ಷರ ಆಚೀಚಿ ಆಗಲಾರದಂಗ ನಡಸಾಕತ್ತಿದ್ದ. ನಮ್ಮನಿಯವರು ಮಗ್ಗ ಬಂದ್ ಮಾಡಿ ಬಂದ್ರು. ಟೇಪಿನಾಂವ ಅದರ ತುದಿ ಅವರ ಕೈಯಾಗ ಕೊಟ್ಟು, ‘ಹಿರ್ಯಾರ, ಸ್ವಲ್ಪ ಆ ಕಡೆ ಮೂಲಿಗೆ ಹಿಡೀರಿ’ ಅಂದ. ಅವರು ಹಿಡಕೊಂಡು ಹ್ವಾದ್ರು! ನನ್ನ ಮಗ್ಗದ ಆ ಕಡೆ ಹೋಗಿ, ತುದಿ ಹಿಡದು, ಬಗ್ಗಿ ನಿಂತ್ರು. ಬಾಗಲದಾಗ ವೈನಿ, ಉಳದ ಹೆಣಮಕ್ಕಳು ಎಲ್ಲಾ ನೋಡಾಕತ್ತಿದ್ರು.

ನನಗ ಅಳು ಬರಲಿಲ್ಲ, ಸಿಟ್ಟ ಬಂತು. ಹೋಗಿ ಟೇಪ್ ಮತ್ತ ಮಗ್ಗದ ನಡುವ ನಿಂತೆ. ಬೆನ್ನು ಮಗ್ಗಕ್ಕ ಹಚ್ಚಿ ನಿಂತೆ.

‘ಅಳೀರಿ’ ಅಂದೆ. ‘ನನ್ನ ಕೂಡಿಸಿ ಅಳೀರಿ. ಈ ಮಗ್ಗಕ್ಕ ನಾನೂ ಸೇರೀನಿ. ಮಗ್ಗ ಎಷ್ಟ ಅಗಲ, ನಾ ಎಷ್ಟ ಅಗಲ, ಎರಡೂ ಬರಕೊಂಡು ಹೋಗಿ ನಿಮ್ಮ ಸಾಹೇಬರಿಗೆ ತೋರಸ್ರಿ. ನಾ ಒಪ್ಪಿಲ್ಲ. ಅವತ್ತೂ ಒಪ್ಪಿದ್ದಿಲ್ಲ. ಮೈಕ್ ಕಸಗೊಂಡ ಮ್ಯಾಲ ಹೇಳೀನಿ, ಇಲ್ಲೆ ಮೈಕ್ ಇಲ್ಲದ ಹೇಳ್ತೀನಿ, ನಾ ಒಪ್ಪಂಗಿಲ್ಲ.’

‘ಅಕ್ಕಾರ, ಎಲ್ಲಾರೂ ನೋಡ್ಯಾರಲ್ರಿ...’ ಅಂದ ಅಂವ. ನಮ್ಮನಿಯವರ ಕಡೆ ತಿರುಗಿ, ‘ನೀವರ ಹೇಳ್ರಿ ಹಿರ್ಯಾರ, ನೀವೂ ನೋಡೀರಿಲ್ಲೋ?’ ಅಂತ ಕೇಳಿದ.

ಅವರು ಬಗ್ಗಿದವರು ನೆಟ್ಟಗಾದ್ರು. ನನ್ನ ನೋಡಿದ್ರು. ಟಿವ್ಯಾಗಿನವರ ಕೈ, ಕಣ್ಣ ನೋಡೋ ಹಂಗ ನೋಡಲಿಲ್ಲ. ಸೋತವರಂಗ ನೋಡಿದ್ರು. ಹೌದು ಅಂತಾರ ಅಂತನ ನಾ ತಿಳಕೊಂಡೆ.

ಅವರು ಕೈಯಾಗಿನ ಟೇಪಿನ ತುದಿ ಬಿಟ್ರು. ಅದು ಸರ್ರನ ನೆಲದ ಮ್ಯಾಲ ಹರದು ಹೋಗಿ ಅವನ ಕೈಯಾಗ ಸುತ್ತಿಕೊಂತು.